ನೂರೆರಡು ರನ್ನುಗಳ ಲೆಕ್ಕ

ಕಳೆದ ವರ್ಷ ಚನ್ನಗಿರಿಯಲ್ಲಿ ದ್ವಿತೀಯ ಬಿ.ಎ. ತರಗತಿಗೆ ವ್ಯಕ್ತಿಚಿತ್ರವೆಂಬ ಸಾಹಿತ್ಯಪ್ರಕಾರವನ್ನು ಕುರಿತು ಪಾಠ ಹೇಳುತ್ತಿದ್ದೆ. ನಮ್ಮ ಜಿಲ್ಲೆಯವರೇ ಆದ ಯಾರನ್ನಾದರೂ ಆರಿಸಿಕೊಂಡು ಎರಡು ಪುಟ ಬರೆದು ತನ್ನಿರೆಂದು ಹೇಳಿ, ಉದಾಹರಣೆಗೆ ಇರಲೆಂದು ದಾವಣಗೆರೆಯ ಆರ್. ವಿನಯ್ ಕುಮಾರ್ ಅವರ ಹೆಸರನ್ನು ಸೂಚಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, ‘ಅವರೇ ಅಲ್ಲವಾ ಸಾರ್, ಒಂದೇ ಮ್ಯಾಚಿನಲ್ಲಿ ನೂರೆರಡು ರನ್ ಕೊಟ್ಟವರು?’ ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನೆಂದು ಕಾಣುತ್ತದೆ. ಗಂಟೆ ಹೊಡೆದು ಹೊರಗೆ ಬಂದ ಮೇಲೆ ಆ ನಗೆ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಹುಡುಗ ಹೇಳಿದ್ದು ಸುಳ್ಳಲ್ಲ. 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯದ ಮೇಲೆ ನಡೆದ ಒಂದು ದಿನದ ಪಂದ್ಯದಲ್ಲಿ ವಿನಯ್ ಕುಮಾರ್ ಅವರು 9 ಓವರು ಎಸೆದು 102 ರನ್ನು ತೆತ್ತರು. ಅಲ್ಲಿಯವರೆಗೆ ಒಂದು ದಿನದ ಪಂದ್ಯದಲ್ಲಿ ಭಾರತದ ಯಾವ ಬೌಲರೂ ನೂರರ ಗಡಿ ದಾಟಿರಲಿಲ್ಲ. ಅದೇ ಅವರ ಕಟ್ಟಕಡೆಯ ಅಂತಾರಾಷ್ಟ್ರೀಯ ಪಂದ್ಯವೂ ಆಯಿತು. ಆ ದಿನ ರೋಹಿತ್ ಶರ್ಮ 209 ರನ್ನು ಹೊಡೆದರೆಂಬುದನ್ನೂ, ಎರಡು ತಂಡಗಳೂ ಸೇರಿ 38 ಸಿಕ್ಸರು ಎತ್ತಿದುವೆಂಬುದನ್ನೂ, ಚಿನ್ನಸ್ವಾಮಿ ಕ್ರೀಡಾಂಗಣದ ಎಲ್ಲೆಗೆರೆ ಬೌಲರುಗಳ ಪಾಲಿಗೆ ಎಷ್ಟು ಹತ್ತಿರವೆಂಬುದನ್ನೂ ಹುಡುಗ ಹೇಳಲಿಲ್ಲ. ಭಾರತ 57 ರನ್ನುಗಳಿಂದ ಗೆದ್ದಿತೆಂಬುದನ್ನೂ ಹೇಳಲಿಲ್ಲ. ಅವನನ್ನು ದೂರಲಾರೆ. ಆಗ ಅವನಿಗೆ ಎಂಟೋ ಒಂಬತ್ತೋ ವರ್ಷ. ಕೈಯೊಳಗಿನ ಫೋನಿನಲ್ಲಿ ಯಾರೋ ಕತ್ತರಿಸಿ ಅಂಟಿಸಿದ ಮೂರು ನಿಮಿಷದ ಚಿತ್ರವನ್ನು ಅವನು ನೋಡಿದ್ದಾನೆ, ಅಷ್ಟೇ.

ನಾನೇನೂ ಕ್ರಿಕೆಟ್ ಪಂಡಿತನಲ್ಲ. ಹಳಗನ್ನಡ ಪಾಠ ಹೇಳುವವನು. ಆದರೆ ಹೊನ್ನಾಳಿ, ನ್ಯಾಮತಿ, ಜಗಳೂರು, ಈಗ ಚನ್ನಗಿರಿ ಎಂದು ವರ್ಗವಾಗುತ್ತ ಈ ಜಿಲ್ಲೆಯ ನಾಲ್ಕು ಊರುಗಳ ಹುಡುಗರನ್ನು ಕಂಡವನು. ಈ ಹುಡುಗರ ಕಣ್ಣಿಗೆ ಒಂದು ಬಾಳು ಹೇಗೆ ಕಾಣುತ್ತದೆಂಬುದು ನನಗೆ ಸಂಬಂಧಪಟ್ಟ ವಿಷಯ. ಹಾಗಾಗಿ ನೂರೆರಡರ ಹಿಂದುಮುಂದಿನ ಲೆಕ್ಕವನ್ನು ಒಮ್ಮೆ ಬರೆದಿಡಬೇಕೆನಿಸಿತು.

ವಿನಯ್ ಕುಮಾರ್ ಅವರು ಹುಟ್ಟಿದ್ದು 1984ರ ಫೆಬ್ರವರಿ 12ರಂದು, ದಾವಣಗೆರೆಯಲ್ಲಿ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದುವು. ಹೊಸ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿ ಒಂದು ಆಕಸ್ಮಿಕವನ್ನು ಹೇಳದೆ ಮುಂದೆ ಹೋಗಲಾರೆ. ಅದೇ ಫೆಬ್ರವರಿ 12ರಂದು, ಮೂವತ್ತೈದು ವರ್ಷ ಮುಂಚೆ, ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ ಗುಂಡಪ್ಪ ವಿಶ್ವನಾಥ್ ಅವರು ಹುಟ್ಟಿದರು. ನಮ್ಮ ಊರಿನ ಒಂದು ಪಕ್ಕಕ್ಕೆ ಒಬ್ಬರು, ಇನ್ನೊಂದು ಪಕ್ಕಕ್ಕೆ ಮತ್ತೊಬ್ಬರು! ವಿಶ್ವನಾಥರು 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆಗೆ ಔಟಾದರು. ಎರಡನೆಯ ಸರದಿಯಲ್ಲಿ 137 ಹೊಡೆದರು. ಆ ಎರಡನೆಯ ಸರದಿ ಇಲ್ಲದಿದ್ದರೆ? ವಿನಯ್ ಕುಮಾರ್ ಅವರಿಗೆ ಟೆಸ್ಟಿನಲ್ಲಿ ಆ ಎರಡನೆಯ ಸರದಿ ಸಿಗಲಿಲ್ಲವೆಂಬುದನ್ನು ಮುಂದೆ ನೋಡೋಣ.

ತಂದೆ ಆಟೋರಿಕ್ಷಾ ಓಡಿಸುತ್ತಿದ್ದರು. ಮಗ 2004-05ರ ಸಾಲಿನಲ್ಲಿ ಕರ್ನಾಟಕದ ರಣಜಿ ತಂಡಕ್ಕೆ ಬಂದ. ಬೆಂಗಳೂರು, ಮೈಸೂರುಗಳಿಂದ ಬಂದ ಆಟಗಾರರಿಗೆ ಹೋಲಿಸಿದರೆ ಇದು ಬೇರೆ ದಾರಿ. ಗದಗಿನ ಸುನಿಲ್ ಜೋಶಿ ಅವರು ಹುಡುಗರಾಗಿದ್ದಾಗ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮರಳಿ ಬಂದು ಶಾಲೆಗೆ ಹೋಗುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ನಮ್ಮ ಸೀಮೆಯ ಆಟಗಾರನ ಬಾಳಿನಲ್ಲಿ ಆಟಕ್ಕಿಂತ ಮೊದಲು ಬರುವುದು ಬಸ್ಸು.

ಅವರ ಬೌಲಿಂಗನ್ನು ಕುರಿತು ಒಂದೆರಡು ಮಾತು ಅಗತ್ಯ, ಏಕೆಂದರೆ ತಪ್ಪು ತಿಳಿವಳಿಕೆಯ ಬೇರು ಅಲ್ಲಿಯೇ ಇದೆ. ಅವರಿಗೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಬಿರುದು ಬಂದಿತು. ಪಾಕಿಸ್ತಾನದ ಶೋಯೆಬ್ ಅಖ್ತರ್ ಅವರನ್ನು ಲೋಕವೆಲ್ಲ ‘ರಾವಲ್ಪಿಂಡಿ ಎಕ್ಸ್‌ಪ್ರೆಸ್’ ಎಂದು ಕರೆಯುತ್ತಿದ್ದುದರ ಪಡಿಯಚ್ಚು ಇದೆಂದು ತೋರುತ್ತದೆ. ಅಖ್ತರ್ ಅವರಿಗೆ ಹೆಸರು ಒಪ್ಪುತ್ತಿತ್ತು. 2003ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನ ಮೇಲೆ ಅವರು ಎಸೆದ ಒಂದು ಚೆಂಡು ಗಂಟೆಗೆ 161.3 ಕಿಲೋಮೀಟರು ವೇಗದಲ್ಲಿ ಹೋಯಿತು. ನಮ್ಮವರ ಚೆಂಡು 130ರ ಆಸುಪಾಸಿನದು. ಬಿರುದು ಪ್ರೀತಿಯಿಂದ ಬಂದದ್ದೇ, ಆದರೆ ಅದು ಅವರಿಂದ ಇಲ್ಲದ್ದನ್ನು ನಿರೀಕ್ಷಿಸುವಂತೆ ಮಾಡಿತು. ದಿಟವಾಗಿ ಅವರು ಎಕ್ಸ್‌ಪ್ರೆಸ್ಸಲ್ಲ. ಪ್ರತಿ ನಿಲ್ದಾಣದಲ್ಲಿಯೂ ವೇಳೆಗೆ ಸರಿಯಾಗಿ ನಿಂತು ಹೊರಡುವ ಪ್ಯಾಸೆಂಜರು ಗಾಡಿ. ನಮ್ಮಂಥ ಊರುಗಳವರು ಬದುಕುವುದು ಆ ಗಾಡಿಯಿಂದಲೇ ಎಂಬುದು ಬೇರೆ ಮಾತು.

ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಚೆಂಡು ಕ್ರಮಿಸುವ ದೂರ ಸುಮಾರು 17.7 ಮೀಟರು. 130 ಕಿಲೋಮೀಟರು ವೇಗದ ಚೆಂಡು ಅದನ್ನು ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. 145ರ ಚೆಂಡು ಅದಕ್ಕಿಂತ ಒಂದು ಸೆಕೆಂಡಿನ ನೂರರಲ್ಲಿ ಐದು ಪಾಲು ಮೊದಲು. ಈ ಐದು ಪಾಲನ್ನು ದೇಹ ಕೊಡದಿದ್ದರೆ ಬೌಲರು ಅದನ್ನು ಬೇರೆಡೆಯಿಂದ ಗಳಿಸಬೇಕು: ಚೆಂಡಿನ ಹೊಲಿಗೆಯನ್ನು ನೆಟ್ಟಗೆ ನಿಲ್ಲಿಸುವ ಮಣಿಕಟ್ಟು, ಒಂದು ಮಗ್ಗುಲನ್ನು ನುಣ್ಣಗೂ ಇನ್ನೊಂದನ್ನು ಒರಟಾಗಿಯೂ ಇಡುವ ತಾಳ್ಮೆ, ಆಫ್ ಸ್ಟಂಪಿನ ಆಚೆಗೆ ಅದೇ ಅಂಗೈಯಗಲದ ಜಾಗದಲ್ಲಿ ಚೆಂಡನ್ನು ಗಂಟೆಗಟ್ಟಲೆ ಇಳಿಸುವ ಹಟ. ಇಂಥವನಿಗೆ ಬೆಳಗಿನ ತೇವವಿರುವ ಪಿಚ್ಚು ಬೇಕು, ಉದ್ದನೆಯ ಹಗಲು ಬೇಕು. ಬಿಸಿಲಿಗೆ ಒಣಗಿ ಚಪ್ಪಟೆಯಾದ ಪಿಚ್ಚಿನ ಮೇಲೆ, ಹೊಡೆಯಲೇಬೇಕೆಂದು ನಿಂತ ದಾಂಡಿಗನ ಮುಂದೆ, ಅವನ ವಿದ್ಯೆಯೇ ಅವನಿಗೆ ಹಗೆ.

ದಾಂಡಿಗ ಎಂದೆ. ಕನ್ನಡ ಮೇಷ್ಟರಿಗೆ ಇಲ್ಲೊಂದು ಮಾತು ಹೊಳೆಯುತ್ತದೆ. ಬಲಶಾಲಿ, ಗಟ್ಟಿಗ ಎಂಬ ಅರ್ಥವಿದ್ದ ಹಳೆಯ ಶಬ್ದ ನಮ್ಮ ಪತ್ರಿಕೆಗಳ ದಯೆಯಿಂದ ಬ್ಯಾಟ್ಸ್‌ಮನ್ನನ ಹೆಸರಾಯಿತು, ಸೊಗಸಾಗಿಯೇ ಆಯಿತು. ಬೌಲರನನ್ನು ಎಸೆತಗಾರನೆಂದು ಬರೆದು ನೋಡಿದವರುಂಟು, ನಾಲಗೆಗೆ ಹತ್ತಲಿಲ್ಲ. ಅವನು ಬೌಲರನಾಗಿಯೇ ಉಳಿದ. ಇದರಿಂದ ದೊಡ್ಡ ತೀರ್ಮಾನಕ್ಕೇನೂ ಬರಬೇಕಾಗಿಲ್ಲ, ಆದರೂ ನಮ್ಮ ಪ್ರೀತಿ ಯಾವ ಕಡೆಗೆ ವಾಲಿದೆಯೆಂಬುದು ಭಾಷೆಯಲ್ಲಿ ಕಾಣದೆ ಇರುವುದಿಲ್ಲ.

ಇನ್ನು ಟೆಸ್ಟಿನ ಮಾತು. 2012ರ ಜನವರಿಯಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಭಾರತ ನಾಲ್ವರು ವೇಗಿಗಳೊಡನೆ ಇಳಿಯಿತು. ನಾಲ್ಕನೆಯವರಾಗಿ ವಿನಯ್ ಕುಮಾರ್ ಅವರಿಗೆ ಮೊದಲ ಟೆಸ್ಟು ಆಡುವ ಭಾಗ್ಯ ಬಂದಿತು. ಭಾರತದ ದಾಂಡಿಗರು ಮೊದಲು 161ಕ್ಕೆ ಉರುಳಿದರು. ಆಮೇಲೆ ಡೇವಿಡ್ ವಾರ್ನರ್ ಅವರು 180 ಹೊಡೆದರು. ಮೊದಲ ಜೋಡಿಯೇ 214 ರನ್ನು ಕೂಡಿಸಿತು. ವಿನಯ್ ಕುಮಾರ್ ಅವರು 73 ರನ್ನು ಕೊಟ್ಟು ಮೈಕ್ ಹಸ್ಸಿ ಅವರ ಒಂದು ವಿಕೆಟ್ಟು ಪಡೆದರು. ಪಂದ್ಯ ಮೂರನೆಯ ದಿನವೇ ಮುಗಿದು ಭಾರತ ಇನ್ನಿಂಗ್ಸ್ ಮತ್ತು 37 ರನ್ನುಗಳಿಂದ ಸೋತಿತು. ಅವರಿಗೆ ಎರಡನೆಯ ಬಾರಿ ಎಸೆಯುವ ಸಂದರ್ಭವೇ ಬರಲಿಲ್ಲ. ಆ ಪಂದ್ಯದಲ್ಲಿ, ಆಮೇಲೆ ಯಾವ ಟೆಸ್ಟಿನಲ್ಲೂ ಬರಲಿಲ್ಲ.

ಅದಕ್ಕೆ ಕೆಲವೇ ತಿಂಗಳು ಹಿಂದೆ, 2011ರ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ ಇಂಗ್ಲೆಂಡಿನ ಮೇಲೆ ಅವರು 30 ರನ್ನಿಗೆ 4 ವಿಕೆಟ್ಟು ಕಿತ್ತಿದ್ದರು. ಒಟ್ಟಿನಲ್ಲಿ 31 ಒಂದು ದಿನದ ಪಂದ್ಯ, 38 ವಿಕೆಟ್ಟು. ಹೆಮ್ಮೆಪಡುವಂಥದೇ, ಆದರೆ ಅದ್ಭುತವೆಂದು ಹೇಳಲಾಗದು. ಊರಿನವರೆಂಬ ಅಭಿಮಾನದಿಂದ ಅವರನ್ನು ಶ್ರೀನಾಥರ ಸಾಲಿಗೆ ಏರಿಸುವುದು ನನ್ನ ಉದ್ದೇಶವಲ್ಲ. ಅಂತಾರಾಷ್ಟ್ರೀಯ ಮಟ್ಟದ ಚಪ್ಪಟೆ ಪಿಚ್ಚುಗಳ ಮೇಲೆ ಅವರ ವೇಗ ಸಾಲದಾಯಿತೆಂಬ ವಿಮರ್ಶಕರ ಮಾತಿನಲ್ಲಿ ಹುರುಳಿದೆ.

ನನ್ನ ತಕರಾರು ಬೇರೆ. ಬೆಂಗಳೂರಿನ ಆ ನೂರೆರಡರ ದಿನವಾದ ಮೂರು ತಿಂಗಳಿಗೆ, 2014ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ರಣಜಿ ಟ್ರೋಫಿಯನ್ನು ಎತ್ತಿತು. ಅದಕ್ಕೆ ಹಿಂದೆ ಗೆದ್ದದ್ದು 1998-99ರಲ್ಲಿ. ಹದಿನೈದು ವರ್ಷ ಕಾದ ಆ ತಂಡದ ನಾಯಕ ಯಾರು? ಅದೇ ನೂರೆರಡರವರು. ಆ ಸಾಲಿನಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಈ ಮೂರು ಪ್ರಶಸ್ತಿಗಳೂ ಕರ್ನಾಟಕಕ್ಕೆ ಬಂದುವು; ಮರುವರ್ಷವೂ ಮೂರಕ್ಕೆ ಮೂರು. ಎಲ್ಲರೂ ನೋಡುತ್ತಿರುವಾಗ ನುಚ್ಚುನೂರಾದ ಮನುಷ್ಯ, ಯಾರೂ ನೋಡದ ಮೈದಾನಗಳಿಗೆ ಹೋಗಿ, ಬೆಳಗ್ಗೆ ಒಂಬತ್ತೂವರೆಗೆ ಹೊಸ ಚೆಂಡು ಕೈಗೆ ತೆಗೆದುಕೊಂಡು ಮೊದಲ ಓವರನ್ನು ಎಸೆಯುತ್ತಾನಲ್ಲ, ಆ ಬೆಳಗ್ಗೆಯ ಚಿತ್ರ ಯಾವ ಫೋನಿನಲ್ಲೂ ಇಲ್ಲ.

2015ರ ಮಾರ್ಚಿನಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ತಮಿಳುನಾಡಿನ ಮೇಲೆ ನಡೆದ ರಣಜಿ ಅಂತಿಮ ಪಂದ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬಹುದು. ವಿನಯ್ ಕುಮಾರ್ ಅವರು 34 ರನ್ನಿಗೆ 5 ವಿಕೆಟ್ಟು ತೆಗೆದು ತಮಿಳುನಾಡನ್ನು 134ಕ್ಕೆ ಮುಗಿಸಿದರು. ಆಮೇಲೆ ನಮ್ಮವರೂ ತಡವರಿಸಿ 84ಕ್ಕೆ 5 ವಿಕೆಟ್ಟು ಕಳೆದುಕೊಂಡರು. ಅಲ್ಲಿಂದ ಕೆ. ಎಲ್. ರಾಹುಲ್ ಅವರ 188, ಕರುಣ್ ನಾಯರ್ ಅವರ 328. ಕೊನೆಗೆ ನಾಯಕರೇ ಬ್ಯಾಟು ಹಿಡಿದು 105 ಹೊಡೆದು ಔಟಾಗದೆ ಉಳಿದರು. ಒಟ್ಟು 762. ಗೆಲುವು ಇನ್ನಿಂಗ್ಸ್ ಮತ್ತು 217 ರನ್ನುಗಳಿಂದ. ರಣಜಿ ಫೈನಲ್ಲಿನಲ್ಲಿ ಒಬ್ಬನೇ ಐದು ವಿಕೆಟ್ಟನ್ನೂ ಶತಕವನ್ನೂ ಪಡೆದು, ತಂಡವನ್ನೂ ನಡೆಸುವುದೆಂದರೆ ಸಾಮಾನ್ಯವಲ್ಲ. ಕರುಣ್ ನಾಯರ್ ಅವರ 328ರಿಂದ ಅಳಿಸಿಹೋದ ಹಳೆಯ ದಾಖಲೆ ಬರೋಡೆಯ ಗುಲ್ ಮಹಮದ್ ಅವರದು: 1947ರಲ್ಲಿ, ದೇಶ ಇಬ್ಭಾಗವಾಗುವುದಕ್ಕೆ ಕೆಲವೇ ತಿಂಗಳು ಮುಂಚೆ, ಅವರು ರಣಜಿ ಫೈನಲ್ಲಿನಲ್ಲಿ 319 ಹೊಡೆದಿದ್ದರು. ಭಾರತದ ಪರ ಎಂಟು ಟೆಸ್ಟು ಆಡಿದ ಅವರು ಆಮೇಲೆ ಪಾಕಿಸ್ತಾನಕ್ಕೆ ಹೋಗಿ 1956ರಲ್ಲಿ ಕರಾಚಿಯಲ್ಲಿ ಆ ದೇಶದ ಪರ ಒಂದು ಟೆಸ್ಟು ಆಡಿದರು. ಅವರ ದಾಖಲೆ ಮಾತ್ರ ಅರವತ್ತೆಂಟು ವರ್ಷ ನಮ್ಮ ಪುಸ್ತಕದಲ್ಲಿಯೇ ಉಳಿದಿತ್ತು.

ಪಾಕಿಸ್ತಾನದ ಮಾತು ಬಂದದ್ದರಿಂದ ಇನ್ನೊಬ್ಬರನ್ನು ನೆನೆಯುತ್ತೇನೆ. ಈ ಹೋಲಿಕೆ ನನಗೆ ಬಹಳ ದಿನದಿಂದ ಕಾಡಿದೆ. ಸಿಯಾಲ್‌ಕೋಟಿನ ಮಹಮದ್ ಅಬ್ಬಾಸ್ ಅವರು ಕ್ರಿಕೆಟ್ಟಿನಲ್ಲಿ ನೆಲೆ ಕಾಣುವ ಮೊದಲು ಚರ್ಮದ ಕಾರ್ಖಾನೆಯಲ್ಲಿ ದುಡಿದವರು, ವೆಲ್ಡಿಂಗ್ ಕೆಲಸ ಮಾಡಿದವರು. ಅವರದೂ 130ಕ್ಕೆ ಏರದ ಬೌಲಿಂಗು, ಅವರದೂ ಅದೇ ಅಂಗೈಯಗಲದ ಜಾಗ. ಅವರ ದೇಶದ ದೊಡ್ಡ ಪಂದ್ಯಾವಳಿಯಲ್ಲಿ ರಾಶಿ ರಾಶಿ ವಿಕೆಟ್ಟು ತೆಗೆದ ಮೇಲೆ 2017ರಲ್ಲಿ ಟೆಸ್ಟಿಗೆ ಕರೆದರು. 2018ರಲ್ಲಿ ಅಬುಧಾಬಿಯಲ್ಲಿ ಆಸ್ಟ್ರೇಲಿಯದ ಮೇಲೆ ಒಂದೇ ಪಂದ್ಯದಲ್ಲಿ ಹತ್ತು ವಿಕೆಟ್ಟು ಪಡೆದರು. 2021ರ ಬಳಿಕ ಅವರನ್ನು ಕೈಬಿಟ್ಟರು. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಕೌಂಟಿಯಲ್ಲಿ ಅದೇ ಕಸುಬನ್ನು ಮುಂದುವರಿಸಿದರು. 2024ರ ಡಿಸೆಂಬರಿನಲ್ಲಿ ಮತ್ತೆ ಕರೆ ಬಂದಾಗ ದಕ್ಷಿಣ ಆಫ್ರಿಕದ ಸೆಂಚೂರಿಯನ್ನಿನಲ್ಲಿ 54ಕ್ಕೆ 6 ವಿಕೆಟ್ಟು ಕಿತ್ತು, ಎರಡೇ ವಿಕೆಟ್ಟಿನಿಂದ ಸೋತ ಪಂದ್ಯವನ್ನು ಗೆಲುವಿನ ಬಾಗಿಲವರೆಗೆ ತಂದರು. ಅಬ್ಬಾಸರಿಗೆ ಎರಡನೆಯ ಸರದಿ ಸಿಕ್ಕಿತು. ನಮ್ಮವರ ಹೆಗಲು ಅವರಿಗಿಂತ ಬಡವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ.

ಹಾಗೆಯೇ ವಹಾಬ್ ರಿಯಾಜ್. 2016ರಲ್ಲಿ ಇಂಗ್ಲೆಂಡಿನ ಟ್ರೆಂಟ್ ಬ್ರಿಜ್ಜಿನಲ್ಲಿ 10 ಓವರಿಗೆ 110 ರನ್ನು ಕೊಟ್ಟು ಒಂದು ವಿಕೆಟ್ಟೂ ಪಡೆಯಲಿಲ್ಲ. ನಮ್ಮವರ ಲೆಕ್ಕಕ್ಕಿಂತ ಹೆಚ್ಚು. ಆದರೆ ವಹಾಬ್ ಎಂದೊಡನೆ ಜನಕ್ಕೆ ನೆನಪಾಗುವುದು 2015ರ ವಿಶ್ವಕಪ್ಪಿನಲ್ಲಿ ಅಡಿಲೇಡಿನಲ್ಲಿ ಷೇನ್ ವಾಟ್ಸನ್ನರನ್ನು ಅವರು ಕಂಗೆಡಿಸಿದ ಆ ಕೆಲವು ಓವರುಗಳು. ಆ ಪಂದ್ಯವನ್ನೂ ಪಾಕಿಸ್ತಾನ ಸೋತಿತು! ಲೋಕ ನೋಡುತ್ತಿದ್ದಾಗ ಒಂದು ಗಂಟೆ ಚೆನ್ನಾಗಿ ಎಸೆದುದು ಅವರನ್ನು ಕಾಯಿತು. ಲೋಕ ನೋಡದಿದ್ದಾಗ ಹದಿನೈದು ವರ್ಷ ಚೆನ್ನಾಗಿ ಎಸೆದವರನ್ನು ಕಾಯುವವರಾರು?

ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಪ್ರಥಮ ದರ್ಜೆಯ 139 ಪಂದ್ಯಗಳಲ್ಲಿ 504 ವಿಕೆಟ್ಟು; ಅದರಲ್ಲಿ ರಣಜಿಯಲ್ಲೇ 442. ನಿವೃತ್ತರಾದಾಗ ರಣಜಿಯ ವೇಗದ ಬೌಲರುಗಳಲ್ಲಿ ಅದಕ್ಕಿಂತ ಹೆಚ್ಚು ಪಡೆದವರಿರಲಿಲ್ಲ. ಐಪಿಎಲ್ಲಿನಲ್ಲಿ 105 ಪಂದ್ಯ, 105 ವಿಕೆಟ್ಟು. 2017ರ ಡಿಸೆಂಬರಿನಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ನಾಗಪುರದಲ್ಲಿ ಮುಂಬಯಿಯ ಮೇಲೆ ಹ್ಯಾಟ್ರಿಕ್ಕು ಸೇರಿ 34ಕ್ಕೆ 6. 2019ರಲ್ಲಿ ಕರ್ನಾಟಕ ಬಿಟ್ಟು ಪುದುಚೇರಿಗೆ ಹೋದರು. 2021ರ ಫೆಬ್ರವರಿಯಲ್ಲಿ ಆಟ ನಿಲ್ಲಿಸಿದರು. ಅದೇ ಸೆಪ್ಟೆಂಬರಿನಲ್ಲಿ ಭಾರತದ ಕ್ರಿಕೆಟ್ ಮಂಡಳಿ ದೇಶೀಯ ಆಟಗಾರರ ಸಂಭಾವನೆಯನ್ನು ಏರಿಸಿ, ನಲವತ್ತಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60 ಸಾವಿರ ರೂಪಾಯಿ ಎಂದು ಗೊತ್ತುಮಾಡಿತು. ಏಳು ತಿಂಗಳ ಅಂತರ!

ಹಣದ ಮಾತನ್ನು ಸಾಹಿತ್ಯದ ಪುಟದಲ್ಲಿ ಆಡಬಾರದೆಂಬ ಮಡಿ ನನಗಿಲ್ಲ. ಮೊದಲು ಬ್ಯಾಂಕುಗಳೂ ರೈಲ್ವೆಯೂ ಆಟಗಾರರಿಗೆ ನೌಕರಿ ಕೊಡುತ್ತಿದ್ದುವು. ಆಟ ಕೈಕೊಟ್ಟರೂ ಸಂಬಳ ಇರುತ್ತಿತ್ತು. ಪಾಕಿಸ್ತಾನದಲ್ಲಿಯಂತೂ ಬ್ಯಾಂಕು, ವಿಮಾನ ಸಂಸ್ಥೆ, ವಿದ್ಯುತ್ ಇಲಾಖೆಗಳ ತಂಡಗಳೇ ದೇಶೀಯ ಕ್ರಿಕೆಟ್ಟಿನ ಬೆನ್ನೆಲುಬಾಗಿದ್ದುವು. 2019ರಲ್ಲಿ ಅಲ್ಲಿಯ ಸರ್ಕಾರ ಆ ಪದ್ಧತಿಯನ್ನು ಕಿತ್ತುಹಾಕಿದಾಗ ಹೆಸರಾಂತವರಿಗೇನೂ ತೊಂದರೆಯಾಗಲಿಲ್ಲ; ಮಧ್ಯದ ಸಾಲಿನವರು ಬೀದಿಗೆ ಬಿದ್ದರು. ಕೆಲವು ವರ್ಷಗಳ ಬಳಿಕ ಇಲಾಖಾ ತಂಡಗಳನ್ನು ಮರಳಿ ತರಬೇಕಾಯಿತು. ಎರಡು ದೇಶಗಳಲ್ಲಿಯೂ ಹಳ್ಳಿಯ ಹುಡುಗ ನಿಜವಾಗಿ ಎದುರಿಸುವ ಪ್ರಶ್ನೆ ಒಂದೇ: ಶಿಖರ ಮುಟ್ಟದಿದ್ದರೂ ಆಟ ನನ್ನನ್ನು ಸಾಕೀತೆ? ವಿನಯ್ ಕುಮಾರ್ ಅವರ ಬಾಳು ಈ ಪ್ರಶ್ನೆಗೆ ಸಿಕ್ಕಿರುವ ಅಪರೂಪದ ‘ಹೌದು’. ಇದನ್ನು ನೋಡದೆ ನೂರೆರಡನ್ನು ಮಾತ್ರ ನೋಡುವ ಹುಡುಗನಿಗೆ ಎರಡೇ ದಾರಿ ಕಾಣುತ್ತವೆ: ಹರಾಜಿನಲ್ಲಿ ಕೋಟಿ, ಇಲ್ಲವೆ ಏನೂ ಇಲ್ಲ.

ಆ ‘ಹೌದು’ ನಮ್ಮ ತಾಲ್ಲೂಕುಗಳಿಗೆ ಎಷ್ಟು ದೂರದಲ್ಲಿದೆಯೆಂಬುದನ್ನೂ ಹೇಳಬೇಕು. ಚನ್ನಗಿರಿಯ ಅಡಕೆ ತೋಟಗಳ ನಡುವೆ, ಹೊನ್ನಾಳಿಯ ಗದ್ದೆ ಬಯಲಿನ ಅಂಚಿನಲ್ಲಿ, ಜಗಳೂರಿನ ಒಣ ನೆಲದಲ್ಲಿ ಕ್ರಿಕೆಟ್ ಆಡದ ಹುಡುಗನಿಲ್ಲ. ಆದರೆ ಆಡುವುದು ಟೆನ್ನಿಸ್ ಚೆಂಡಿನಲ್ಲಿ. ಅದಕ್ಕೆ ಎದ್ದ ಹೊಲಿಗೆಯಿಲ್ಲ, ಹೊಳಪಿಲ್ಲ. ವಿನಯ್ ಕುಮಾರ್ ಅವರ ವಿದ್ಯೆಯನ್ನು ಅದರಿಂದ ಕಲಿಯಲಾಗುವುದಿಲ್ಲ. ಚರ್ಮದ ಚೆಂಡು, ಮ್ಯಾಟು, ಹೇಳಿಕೊಡುವವರು ಬೇಕೆಂದರೆ ದಾವಣಗೆರೆಗೆ ಹೋಗಬೇಕು. ನ್ಯಾಮತಿಯ ಹುಡುಗನಿಗೆ ಅದಕ್ಕಿಂತ ಶಿವಮೊಗ್ಗ ಹತ್ತಿರ. ಅಲ್ಲಿಯ ನವುಲೆಯ ಮೈದಾನದಲ್ಲಿ 2020ರ ಫೆಬ್ರವರಿಯಲ್ಲಿ ರಣಜಿ ಪಂದ್ಯವೇ ನಡೆಯಿತು. ಆದರೆ ಅವನ ಜಿಲ್ಲೆ ಬೇರೆ.

ಜಗಳೂರಿನಲ್ಲಿದ್ದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎತ್ತರದವನು, ಮಾತು ಕಡಿಮೆ. ವಾರಕ್ಕೆರಡು ದಿನ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ ಬೌಲಿಂಗ್ ಅಭ್ಯಾಸ ಮಾಡುತ್ತಿದ್ದನಂತೆ. ನನ್ನ ಪಾಠಗಳು ಆ ಎರಡು ದಿನಗಳ ಬೆಳಗಿನ ಹೊತ್ತಿಗೇ ಬಿದ್ದಿದ್ದುವು. ವರ್ಷದ ಕೊನೆಗೆ ಹಾಜರಿಯ ಪಟ್ಟಿ ತಯಾರಿಸುವಾಗ ಅವನದು ಎಪ್ಪತ್ತೈದಕ್ಕೆ ಮುಟ್ಟಲಿಲ್ಲ. ಅವನು ಬಂದು ಮೇಜಿನ ಮುಂದೆ ನಿಂತ. ‘ಆಟದ ಸಲುವಾಗಿ ಹೋಗಿದ್ದು ಸಾರ್’ ಎಂದ. ‘ಆಟ ಅನ್ನ ಹಾಕುತ್ತದೇನಯ್ಯ?’ ಎಂದು ಕೇಳಿದೆ. ಅವನು ಉತ್ತರ ಹೇಳಲಿಲ್ಲ. ನಾನು ಪಟ್ಟಿಗೆ ಸಹಿ ಮಾಡಿದೆ. ಪರೀಕ್ಷೆಗೆ ಕೂರಲಾಗದ ಆ ವರ್ಷವೇ ಅವನು ಕಾಲೇಜನ್ನೂ ಬಿಟ್ಟ, ಬೆಳಗಿನ ಬಸ್ಸನ್ನೂ ಬಿಟ್ಟನೆಂದು ಆಮೇಲೆ ತಿಳಿಯಿತು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಅವನು ಮೊದಲ ಬಸ್ಸು ಹತ್ತುತ್ತಿದ್ದ ಆ ದಿನಗಳಲ್ಲಿ ವಿನಯ್ ಕುಮಾರ್ ಅವರು ಕರ್ನಾಟಕಕ್ಕೆ ಟ್ರೋಫಿ ಗೆದ್ದುಕೊಡುತ್ತಿದ್ದರು. ನನಗೆ ಆ ಸುದ್ದಿ ಪತ್ರಿಕೆಯ ಒಳಪುಟದ್ದಾಗಿತ್ತು.

ನಕ್ಕ ತರಗತಿಗೆ ಮರುದಿನ ಈ ಲೆಕ್ಕವನ್ನೆಲ್ಲ ಕಪ್ಪು ಹಲಗೆಯ ಮೇಲೆ ಬರೆದೆ. ವ್ಯಕ್ತಿಚಿತ್ರಕ್ಕೆ ಒಂದು ದಿನ ಹೆಚ್ಚು ಬೇಕಾಯಿತು. ಪ್ರಶ್ನೆ ಕೇಳಿದ ಹುಡುಗ ಎರಡು ಪುಟದ ಬದಲು ಐದು ಪುಟ ಬರೆದು ತಂದ; ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದುವು. ಕೊನೆಯ ಪುಟದ ಕೆಳಗೆ, ಪಾಠಕ್ಕೆ ಸಂಬಂಧವಿಲ್ಲದ ಒಂದು ಸಾಲು: ಮುಂದಿನ ವಾರ ದಾವಣಗೆರೆಯಲ್ಲಿ ಆಯ್ಕೆಯಿದೆ, ಮೂರು ದಿನ ರಜೆ ಬೇಕು ಸಾರ್.